ಸೋದರತ್ತೆ ಕೊಟ್ಟದ್ದು

‘ಗೊತ್ತಿಲ್ಲ’ ಅನ್ನುವ ಮಾತು ನನ್ನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ನಮ್ಮ ಊರಿನಿಂದ ಮೈಸೂರಿಗೆ ಬಂದು ಓದಿದ ಮೊದಲ ಹುಡುಗಿ ನಾನು. ರಜೆಯಲ್ಲಿ ಊರಿಗೆ ಹೋದರೆ ಹಸುವಿನ ಕೆಚ್ಚಲು ಬಾವಿನಿಂದ ಹಿಡಿದು ಕೋರ್ಟಿನ ಕಾಗದದವರೆಗೆ ಎಲ್ಲವನ್ನೂ ತಂದು ನನ್ನ ಮುಂದೆ ಸುರಿಯುತ್ತಿದ್ದರು. ಓದಿದವಳಿಗೆ ಗೊತ್ತಿರಲೇಬೇಕಲ್ಲ. ಗೊತ್ತಿಲ್ಲ ಅಂದರೆ ಪಕ್ಕದಲ್ಲಿ ಕೂತ ಅಪ್ಪನ ಮುಖ ಸಣ್ಣಗಾಗುತ್ತಿತ್ತು. ಹಾಗಾಗಿ ಏನಾದರೊಂದು ಹೇಳಿಬಿಡುವ ಚಟ ಆವಾಗಲೇ ಹತ್ತಿಕೊಂಡಿತು. ಊರಿನ ಹಸುಗಳು ನನ್ನ ಸಲಹೆಯ ನಡುವೆಯೂ ಹೇಗೋ ಬದುಕಿಕೊಂಡವು.

ತೊಂಬತ್ತರ ದಶಕದ ನಡುವಿನಲ್ಲಿ ನನಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆರೋಗ್ಯ ಶಿಕ್ಷಕಿಯ ಕೆಲಸ ಸಿಕ್ಕಿತು. ಕ್ಯಾನ್ಸರ್ ವಿಭಾಗದ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಒಂದು ಮೇಜು, ಗೋಡೆಯ ಮೇಲೆ ಚಾರ್ಟು. ರೋಗಿಗಳನ್ನೂ ಅವರ ಜೊತೆ ಬಂದ ಹೆಂಗಸರನ್ನೂ ಕೂರಿಸಿಕೊಂಡು, ಮನೆತನದಲ್ಲಿ ಇನ್ನು ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿ ಬರೆದುಕೊಳ್ಳುವುದು, ಇದ್ದರೆ ಮಿಕ್ಕವರೂ ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕೆಂದು ತಿಳಿಸಿ ಹೇಳುವುದು ನನ್ನ ಕೆಲಸ. ಇದಲ್ಲದೆ ತಿಂಗಳಿಗೆ ಎರಡು ಸಲ ಮೊಹಲ್ಲಾಗಳಿಗೆ ಹೋಗಿ ಭಾಷಣ ಮಾಡಬೇಕಿತ್ತು. ಚಾರ್ಟಿನಲ್ಲಿ ಮೂರು ಚಿತ್ರಗಳಿದ್ದವು. ತಾಯಿ, ಅಕ್ಕತಂಗಿ, ಮಗಳು. ಎದೆಯ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಈ ದಾರಿಯಲ್ಲಿ ಬರಬಹುದು ಎಂದು ನನಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟಿದ್ದು ಅಷ್ಟೇ. ಉಳಿದದ್ದು ನಾನು ಸೇರಿಸಿದ್ದು.

ಮಾತಿಗೆ ನಾನು ಹಿಂದೆ ಬಿದ್ದವಳಲ್ಲ. ಡಾಕ್ಟರುಗಳು ಮಾತಾಡಿದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದರು, ನಾನು ಮಾತಾಡಿದರೆ ನಗುತ್ತಿದ್ದರು. ಕ್ಯಾನ್ಸರ್ ಅನ್ನುವ ಹೆಸರೆತ್ತಿದರೆ ‘ಬುಡಿ ತಾಯಿ, ಸಂಜೆ ಹೊತ್ತಲ್ಲಿ ಅದರ ಹೆಸರೇಳ್ಬೇಡಿ’ ಅನ್ನುತ್ತಿದ್ದ ಕಾಲದಲ್ಲಿ ಅವರನ್ನು ನಗಿಸುವುದು ಸಣ್ಣ ಕೆಲಸವೇನಲ್ಲ. ನನಗೆ ಅದರ ಜಂಬವೂ ಇತ್ತು. ಭಾಷಣ ಮುಗಿದ ಮೇಲೆ ಅರಿಶಿನ ಕುಂಕುಮ, ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು. ನನ್ನ ಬೀರುವಿನಲ್ಲಿ ರವಿಕೆ ಕಣಗಳು ಅಡಕಿಲಿಟ್ಟಂತೆ ಏರುತ್ತಿದ್ದವು.

ಲಷ್ಕರ್ ಮೊಹಲ್ಲಾದ ಒಂದು ಮಹಿಳಾ ಸಮಾಜದ ಹಾಲಿನಲ್ಲಿ ಅಂಥದೇ ಒಂದು ಭಾಷಣವಿತ್ತು. ಮಧ್ಯಾಹ್ನ ಊಟವಾದ ಮೇಲಿನ ಹೊತ್ತು, ಹಾಲು ತುಂಬಿತ್ತು. ಭಾಷಣ ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ಸೀರೆಯ ಮೇಲೆಲ್ಲ ದಾರದ ತುಂಡುಗಳು. ಹೊಲಿಗೆ ಯಂತ್ರದಿಂದ ನೇರ ಎದ್ದು ಬಂದಿದ್ದಳು.

‘ಮೇಡಂ, ನಮ್ಮಪ್ಪನ ಅಕ್ಕ, ತಂಗಿ, ಇಬ್ರೂ ಎದೇಲಿ ಗಂಟಾಗಿ ಹೋದ್ರು. ಇಬ್ರಿಗೂ ನಲವತ್ತು ತುಂಬಿರ್ಲಿಲ್ಲ. ನನಗೂ ಏನಾದ್ರೂ ಆಗ್ಬೋದಾ?’

ಚಾರ್ಟಿನಲ್ಲಿ ಸೋದರತ್ತೆಯ ಚಿತ್ರವಿರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ, ನಾಳೆ ಡಾಕ್ಟರನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಡಾಕ್ಟರು ನನ್ನ ಪಕ್ಕದ ಕೋಣೆಯಲ್ಲೇ ಕೂರುತ್ತಿದ್ದವರು, ಕೇಳಿದರೆ ಬೈಯುವವರೂ ಅಲ್ಲ. ಆದರೆ ಹಾಲು ತುಂಬ ಹೆಂಗಸರು ನನ್ನ ಬಾಯನ್ನೇ ನೋಡುತ್ತಿದ್ದರು.

‘ನಿಮ್ಮ ತಾಯಿ ಹೇಗಿದಾರೆ?’ ಎಂದು ಕೇಳಿದೆ.

‘ನಮ್ಮಮ್ಮ ಗುಂಡುಕಲ್ಲಂಗವ್ರೆ.’

‘ತಾಯಿಯ ಅಕ್ಕತಂಗೀರು?’

‘ಅವ್ರೂ ಚೆನ್ನಾಗವ್ರೆ ಮೇಡಂ.’

‘ಮತ್ತೆ ಇನ್ನೇನು ಕಣಮ್ಮ? ಸೋದರತ್ತೆ ಹೆಸರು ಕೊಡ್ತಾಳೆ, ಕಾಯಿಲೆ ಕೊಡಲ್ಲ.’

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನಮ್ಮಲ್ಲಿ ಸೋದರತ್ತೆಯದು. ಅದು ಗೊತ್ತಿಲ್ಲದ ಹೆಂಗಸು ಆ ಹಾಲಿನಲ್ಲಿ ಒಬ್ಬಳೂ ಇರಲಿಲ್ಲ. ಎಲ್ಲರೂ ಹೋ ಎಂದು ನಕ್ಕರು. ಸಮಾಜದ ಅಧ್ಯಕ್ಷೆಯಂತೂ ಕಣ್ಣು ಒರೆಸಿಕೊಂಡರು. ಕೇಳಿದ ಹೆಂಗಸಿನ ಮುಖ ಅರಳಿತು. ‘ಸದ್ಯ, ಬದುಕಿಸಿದ್ರಿ. ನಮ್ಮಣ್ಣನ ಮಗಳಿಗೂ ನಾನೇ ಹೆಸರಿಟ್ಟಿದ್ದು ಮೇಡಂ, ಹನ್ನೆರಡು ವರ್ಷ ಈಗ ಅದಕ್ಕೆ’ ಎಂದು ಹೇಳಿ ಕೂತಳು.

ಆ ಮಾತು ಅಲ್ಲಿಗೆ ಮುಗಿದಿದ್ದರೆ ಒಂದು ತಪ್ಪು ಅನ್ನಬಹುದಿತ್ತು. ಆದರೆ ನಗು ಬಂದ ಮಾತನ್ನು ಯಾರು ಬಿಡುತ್ತಾರೆ? ಮಂಡಿ ಮೊಹಲ್ಲಾದಲ್ಲಿ ಹೇಳಿದೆ, ಮಠವೊಂದರ ಹಾಸ್ಟೆಲಿನಲ್ಲಿ ಹೇಳಿದೆ, ಟೀಚರುಗಳ ಸಭೆಯಲ್ಲಿ ಹೇಳಿದೆ. ಯಾರೂ ಕೇಳದಿದ್ದರೆ ನಾನೇ ‘ಸೋದರತ್ತೆಗೆ ಬಂದಿದ್ರೆ?’ ಎಂದು ಕೇಳಿ, ನಾನೇ ಉತ್ತರ ಕೊಟ್ಟು, ನಗಿಸಿ ಬರುತ್ತಿದ್ದೆ. ನನ್ನ ಕೋಣೆಯಲ್ಲಿ ಕಾಗದ ತುಂಬುವಾಗಲೂ ಅಪ್ಪನ ಕಡೆಯ ವಿಷಯ ಬಂದರೆ ಪೆನ್ನು ಕೆಳಗಿಡುತ್ತಿದ್ದೆ. ಹೀಗೆ ವರ್ಷಗಟ್ಟಲೆ ನಡೆಯಿತು. ಡಾಕ್ಟರುಗಳಿಗೆ ನಾನು ಏನು ಹೇಳುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ನಾನು ಭಾಷಣಕ್ಕೆ ಹೋದರೆ ಜನ ಸೇರುತ್ತಾರೆ ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ನಮಗೆಲ್ಲ ಪಾಠ ಮಾಡಲು ಬೇರೆ ಊರಿನಿಂದ ಒಬ್ಬ ಡಾಕ್ಟರಮ್ಮ ಬಂದರು. ಬೋರ್ಡಿನ ಮೇಲೆ ಒಂದು ಮನೆತನದ ಚಿತ್ರ ಬರೆದರು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಒಂದೇ ತಾಯಿಯ ಮೂವರು ಮಕ್ಕಳು, ಎರಡು ವೃತ್ತ ಒಂದು ಚೌಕ. ಎರಡು ವೃತ್ತಗಳನ್ನು ಚಾಕ್‌ಪೀಸಿನಿಂದ ತುಂಬಿದರು, ಆ ಇಬ್ಬರಿಗೂ ಕಾಯಿಲೆ. ಚೌಕವನ್ನು ಖಾಲಿ ಬಿಟ್ಟರು. ಆಮೇಲೆ ಆ ಚೌಕದಿಂದ ಕೆಳಗೊಂದು ಗೆರೆ ಎಳೆದು ಮಗಳ ವೃತ್ತ ಬರೆದರು, ಅದನ್ನೂ ತುಂಬಿದರು.

‘ಅಪ್ಪನಿಗೆ ಕಾಯಿಲೆ ಬರದೇ ಇರಬಹುದು. ಆದರೆ ಅಪ್ಪನ ಮೂಲಕ ಮಗಳಿಗೆ ಅದರ ಅಪಾಯ ದಾಟಿ ಬರಬಹುದು. ಅಪ್ಪನ ಕಡೆ ಕೇಳದೆ ಬಿಟ್ರೆ ಅರ್ಧ ಮನೆತನಾನೇ ಬಿಟ್ಟ ಹಾಗೆ’ ಎಂದರು. ಇದೇನು ಹೊಸ ವಿಷಯವೇ ಎಂದು ನಮ್ಮ ಡಾಕ್ಟರುಗಳ ಮುಖ ನೋಡಿದೆ. ಅವರು ಗೊತ್ತಿರುವುದನ್ನು ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು.

ಅದು ಲಷ್ಕರ್ ಮೊಹಲ್ಲಾದ ಆ ಹೆಂಗಸಿನ ಮನೆತನದ್ದೇ ಚಿತ್ರ. ಇಬ್ಬರು ಸೋದರತ್ತೆಯರು, ನಡುವೆ ಅಪ್ಪ, ಕೆಳಗೆ ಅವಳು. ಯಾವ ಕ್ಲಾಸಿನಲ್ಲೂ ಮೊದಲು ಕೈ ಎತ್ತುವವಳು ನಾನು, ಆವತ್ತು ಹಿಂದಿನ ಬೆಂಚಿನಲ್ಲಿ ಕೂತು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ.

ಮಾರನೆಯ ದಿನದಿಂದ ಆ ನಗೆಮಾತನ್ನು ಬಿಟ್ಟೆ. ಪೇಂಟರಿಗೆ ಹೇಳಿ ಚಾರ್ಟಿಗೆ ಅಪ್ಪನ ಕಡೆಯ ಚಿತ್ರವನ್ನು ಸೇರಿಸಿದೆ. ಹೊಸದಾಗಿ ಬಂದವರಿಗೆಲ್ಲ ಸೋದರತ್ತೆಯರ ಬಗ್ಗೆ ಒತ್ತಿ ಒತ್ತಿ ಕೇಳಿದೆ. ಯಾರಾದರೂ ನನ್ನ ಕೆಲಸ ನೋಡಿದ್ದರೆ ಎಷ್ಟು ಅಚ್ಚುಕಟ್ಟು ಅನ್ನುತ್ತಿದ್ದರು. ಆದರೆ ಹಳೆಯ ಮಾತನ್ನು ನಂಬಿಕೊಂಡು ಮನೆಗೆ ಹೋದವರನ್ನು ಹುಡುಕಿಕೊಂಡು ಹೋಗಲಿಲ್ಲ. ಭಾಷಣವನ್ನು ತಿದ್ದಿದೆ, ಕೇಳಿದವರನ್ನು ಹಾಗೇ ಬಿಟ್ಟೆ. ಹುಡುಕಲು ಸಾಧ್ಯವಿರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಮಿಕ್ಕವರ ವಿಷಯದಲ್ಲಿ ಅದು ನಿಜವೂ ಹೌದು. ಲಷ್ಕರ್ ಮೊಹಲ್ಲಾದ ಅವಳ ವಿಷಯದಲ್ಲಿ ಅಲ್ಲ, ಸಮಾಜದ ಹಾಲಿನ ಬೀದಿಯಲ್ಲೇ ಇದ್ದ ಅವಳ ಮನೆ ನನಗೆ ಗೊತ್ತಿತ್ತು.

ಹೋಗಲೇ ಇಲ್ಲವೆಂದಲ್ಲ. ಒಂದು ದಿನ ಒಂದು ಸಭೆ ಮುಗಿಸಿ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಗೋಡೆಗೆ ಮೊಳೆ ಹೊಡೆದು ಹೊಲಿದ ರವಿಕೆಗಳನ್ನು ನೇತುಹಾಕಿದ್ದಳು. ನನ್ನನ್ನು ನೋಡಿದ್ದೇ ಎದ್ದು ನಿಂತಳು.

‘ಅಯ್ಯೋ, ಬನ್ನಿ ಮೇಡಂ. ನಿಮ್ಮ ಮಾತು ನಮ್ಮ ಬೀದಿಗೆಲ್ಲ ಗೊತ್ತು. ಯಾರಾದ್ರೂ ಹೆದರ್ಕೊಂಡ್ರೆ ನಾನೇ ಹೇಳ್ತೀನಿ, ಸೋದರತ್ತೆ ಹೆಸರು ಕೊಡ್ತಾಳೆ ಕಣ್ರೀ, ಕಾಯಿಲೆ ಕೊಡಲ್ಲ ಅಂತ. ಏನು ಇಷ್ಟು ದೂರ? ಬ್ಲೌಸ್ ಹೊಲಿಸ್ಬೇಕಿತ್ತಾ?’

ನಾನು ‘ಹೂಂ’ ಅಂದುಬಿಟ್ಟೆ.

ಬ್ಯಾಗಿನಲ್ಲಿ ಆವತ್ತಿನ ಸಭೆಯಲ್ಲಿ ಕೊಟ್ಟ ರವಿಕೆ ಕಣ ಇತ್ತು, ಹಸಿರು ಬಣ್ಣದ್ದು. ತೆಗೆದು ಕೊಟ್ಟೆ. ಅಳತೆಗೆ ಹಳೆಯ ರವಿಕೆ ತಂದಿದ್ದೀರಾ ಎಂದು ಕೇಳಿದಳು. ಹೊಲಿಸಲು ಬಂದವಳಾಗಿದ್ದರೆ ತಾನೇ ತರುವುದು? ಹಾಗಾಗಿ ಅವಳೇ ಟೇಪಿನಿಂದ ಅಳತೆ ತೆಗೆದುಕೊಂಡಳು. ‘ಕೈ ಎತ್ತಿ ಮೇಡಂ’ ಅಂದಳು. ಎತ್ತಿದೆ. ನನ್ನ ಎದೆಯ ಸುತ್ತ ಟೇಪು ತಂದು ಹಿಡಿದು, ಉಸಿರು ಬಿಡಿ ಅಂದಳು. ಬಿಟ್ಟೆ. ಅವಳ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅಷ್ಟು ಹತ್ತಿರ ನಿಂತವಳಿಗೆ, ಅಮ್ಮಾ, ನಾನು ಹೇಳಿದ್ದು ತಪ್ಪು, ನೀನು ಒಂದು ಸಲ ಆಸ್ಪತ್ರೆಗೆ ಬಾ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ಸಲ ರವಿಕೆ ತೆಗೆದುಕೊಳ್ಳಲು ಬರುತ್ತೇನಲ್ಲ, ಆಗ ಹೇಳಿದರಾಯಿತು ಅಂದುಕೊಂಡೆ. ಆಗಲೂ ಹೇಳಲಿಲ್ಲ. ರವಿಕೆ ನನಗೆ ಹೇಳಿ ಮಾಡಿಸಿದ ಹಾಗೆ ಕೂತಿತು, ಅದನ್ನು ಹಾಕಿಕೊಂಡು ಕೆಲಸಕ್ಕೂ ಹೋದೆ.

ಮೂರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಡಾಕ್ಟರು ಹೇಳಿಕಳಿಸಿದರು, ಹೊಸ ರೋಗಿಯ ಮನೆತನದ ವಿವರ ಬರೆದುಕೊಳ್ಳಬೇಕಂತೆ. ಒಳಗೆ ಹೋದರೆ ಸ್ಟೂಲಿನ ಮೇಲೆ ಅವಳು ಕೂತಿದ್ದಾಳೆ. ನನ್ನನ್ನು ನೋಡಿ ಗುರುತಿನ ನಗೆ ನಕ್ಕಳು. ಎಡ ಎದೆಯಲ್ಲಿ ಗಂಟು, ಕಂಕುಳವರೆಗೂ ಹೋಗಿತ್ತು. ಎಂಟು ತಿಂಗಳಿಂದ ಇತ್ತಂತೆ.

‘ಇಬ್ಬರು ಸೋದರತ್ತೇರು ಇದೇ ಕಾಯಿಲೇಲಿ ಹೋದ್ರು ಅಂತೀರ. ಗಂಟು ಕೈಗೆ ಸಿಕ್ಕಿದ ತಕ್ಷಣ ಬರಬಾರದಿತ್ತೇನಮ್ಮ? ನಿಮಗೆ ಯಾರೂ ಹೇಳಿರಲಿಲ್ವಾ?’ ಎಂದು ಡಾಕ್ಟರು ಕೇಳಿದರು. ಬೈಯುವ ದನಿಯಲ್ಲ, ನೊಂದುಕೊಂಡ ದನಿ.

ಅವಳು ನನ್ನ ಕಡೆ ನೋಡಿದಳು. ಈಗ ಹೇಳುತ್ತಾಳೆ ಎಂದು ಕಾದೆ. ನಿಜ ಹೇಳಬೇಕೆಂದರೆ, ಹೇಳಿದರೆ ಏನು ಸಮಜಾಯಿಷಿ ಕೊಡುವುದೆಂದು ಮನಸ್ಸು ಆಗಲೇ ಹುಡುಕುತ್ತಿತ್ತು.

‘ಯಾರೂ ಹೇಳಿರ್ಲಿಲ್ಲ ಸಾರ್’ ಅಂದಳು.

ಡಾಕ್ಟರು ನನ್ನ ಕಡೆ ತಿರುಗಿ, ‘ನೋಡಿ, ಇಷ್ಟು ವರ್ಷ ಆದ್ರೂ ಜನಕ್ಕೆ ನಾವು ತಲುಪೇ ಇಲ್ಲ’ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಆ ತಲೆಯಾಡಿಸಿದ್ದು.

ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಅವಳು ಬಂದಾಗಲೆಲ್ಲ ಹಾಸಿಗೆಯ ಹತ್ತಿರ ಹೋಗಿ ಕೂರುತ್ತಿದ್ದೆ. ಎಳನೀರು ತಂದುಕೊಡುತ್ತಿದ್ದೆ, ಬಾಯಿಹುಣ್ಣಿಗೆ ಏನು ಮಾಡಬೇಕೆಂದು ಹೇಳುತ್ತಿದ್ದೆ. ಪಕ್ಕದ ಹಾಸಿಗೆಯವರು ಇಂಥ ಮೇಡಂ ಇರಬೇಕು ಎಂದು ಹೊಗಳುವಾಗ ಬೇಡವೆನ್ನುವಷ್ಟು ಮರ್ಯಾದೆಯೂ ನನಗಿರಲಿಲ್ಲ. ಒಂದು ದಿನ ಅಕ್ಕಪಕ್ಕ ಯಾರೂ ಇಲ್ಲದಾಗ, ಆವತ್ತು ಡಾಕ್ಟರ ಮುಂದೆ ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ.

‘ಹೇಳಿ ಏನಾಗ್ಬೇಕಿತ್ತು ಮೇಡಂ? ನಿಮ್ಮ ಕೆಲಸಕ್ಕೆ ಸುಮ್ಮನೆ ತೊಂದ್ರೆ. ಆವತ್ತು ನಿಮಗೂ ಗೊತ್ತಿರ್ಲಿಲ್ಲ, ಅಷ್ಟೇ ತಾನೆ?’

‘ಹೂಂ, ಅಷ್ಟೇ’ ಅಂದೆ. ರವಿಕೆಯ ವಿಷಯ ಬಾಯಿಗೆ ಬರಲಿಲ್ಲ. ಅವಳು, ಒಂದು ಸಹಾಯ ಮಾಡಬೇಕು ಅಂದಳು. ಅವಳ ಅಣ್ಣನಿಗೆ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ. ವಿಜಯನಗರದಲ್ಲಿ ಹೊಸ ಮನೆ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದರು. ಅವಳು ಹೆಸರಿಟ್ಟ ಹುಡುಗಿಗೆ ಈಗ ಇಪ್ಪತ್ತೆರಡು. ‘ನಮ್ಮಪ್ಪನಿಂದ ನನಗೆ ಬಂದಿದ್ರೆ ಅಣ್ಣನಿಗೂ ಬಂದಿರ್ಬೋದು, ಅಲ್ವಾ ಮೇಡಂ? ಅವನಿಂದ ಅವಳಿಗೆ. ಅವಳನ್ನ ಕರ್ಕೊಂಬಂದು ತೋರ್ಸು ಅಂದ್ರೆ ಅಣ್ಣ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾನೆ.’ ಡಾಕ್ಟರೂ ಅದನ್ನೇ ಹೇಳಿದ್ದರು. ಆ ಹುಡುಗಿ ಈಗಿನಿಂದಲೇ ತಾನೇ ನೋಡಿಕೊಳ್ಳುವುದನ್ನು ಕಲಿತು, ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು, ತಡಮಾಡಬಾರದು ಎಂದು. ರಕ್ತದಲ್ಲಿ ಅದನ್ನು ಪತ್ತೆ ಮಾಡುವ ಪರೀಕ್ಷೆಯ ಮಾತು ಆಗ ನಮ್ಮ ಕಿವಿಗೆ ಬಿದ್ದಿತ್ತು, ಕೈಗೆ ಸಿಗುವ ಹಾಗಿರಲಿಲ್ಲ.

ಒಂದು ಭಾನುವಾರ ವಿಜಯನಗರಕ್ಕೆ ಹೋದೆ. ಅಣ್ಣ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಬಂದು ಕೂತರು. ಹುಡುಗಿ ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ನಾನು ಮಾತು ಶುರು ಮಾಡಿದೆ. ‘ಈಗ ಹೊಸದಾಗಿ ಕಂಡುಹಿಡಿದಿದ್ದಾರೆ. ಅಪ್ಪನ ಕಡೆಯಿಂದಲೂ ಬರಬಹುದಂತೆ’ ಅಂದೆ.

ಅಣ್ಣ ನಕ್ಕರು. ‘ಅಂಗಾದ್ರೆ ನಾಳೆ ಇನ್ನೊಂದು ಕಂಡುಹಿಡೀತಾರೆ. ನೀವೇ ಹೇಳಿದ್ದಲ್ವಾ ಮೇಡಂ, ಸೋದರತ್ತೆ ಹೆಸರು ಕೊಡ್ತಾಳೆ, ಕಾಯಿಲೆ ಕೊಡಲ್ಲ ಅಂತ? ತಂಗಿ ಆವತ್ತು ಬಂದು ಹೇಳ್ದಾಗಿಂದ ನಮ್ಮನೇಲಿ ಎಲ್ರ ಬಾಯಲ್ಲೂ ಅದೇ ಮಾತು.’

‘ಆವಾಗಿನ ತಿಳಿವಳಿಕೆ ಅಷ್ಟಿತ್ತು’ ಅಂದೆ.

‘ಅಂದ್ರೆ ಈಗ ನನ್ನ ಮಗಳಿಗೆ ನಾನೇ ಕಾಯಿಲೆ ಕೊಟ್ಟಿದೀನಿ ಅಂತೀರಾ?’

ಅವರ ದನಿ ಏರಲಿಲ್ಲ. ಕುಡಿಯುತ್ತಿದ್ದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಹಾಗಲ್ಲ, ಹೀಗಲ್ಲ ಎಂದು ಏನೇನೋ ತೊದಲಿದೆ. ಕಾಫಿ ಕುಡಿದು ಎದ್ದು ಬಂದೆ. ಹುಡುಗಿ ಬಾಗಿಲಿಂದ ಕದಲಲಿಲ್ಲ.

ಮುಂದಿನ ಸಲ ಅವಳು ಕೀಮೋಗೆ ಬಂದಾಗ ತುಂಬ ಇಳಿದುಹೋಗಿದ್ದಳು. ಕಾಯಿಲೆ ಮತ್ತೂ ಹಬ್ಬಿದೆ, ಉಳಿಯುವುದು ಕಷ್ಟ ಎಂದು ಡಾಕ್ಟರು ನನಗೆ ಹೇಳಿದ್ದರು. ತಲೆಯ ಮೇಲೆ ಸೆರಗು ಹೊದ್ದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅಣ್ಣ ಒಪ್ಪಲಿಲ್ಲ ಎಂದು ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು. ಕಿಟಕಿಯ ಕಡೆ ನೋಡುತ್ತ ಕೇಳಿದಳು.

‘ತೊಟ್ಟಿಲಿಗೆ ಹಾಕಿದ ದಿನ ಅವಳ ಕಿವೀಲಿ ಹೆಸರು ಹೇಳಿದ್ದು ನಾನು. ಕಿವಿಗೆ ಬಾಯಿಟ್ರೆ ನಗ್ತಾ ಇತ್ತು ಮಗು. ನಿಜ ಹೇಳಿ ಮೇಡಂ. ಹೆಸರು ಬಿಟ್ಟು ಇನ್ನೇನೂ ಬಂದಿಲ್ಲ ತಾನೆ ಅವಳಿಗೆ?’

ಹತ್ತು ವರ್ಷದ ಹಿಂದಿನ ಪ್ರಶ್ನೆಯೇ ಮತ್ತೆ ಬಂದು ನಿಂತಿತ್ತು. ಈ ಸಲ ಹಾಲು ತುಂಬ ಜನ ಇರಲಿಲ್ಲ, ಅವಳೊಬ್ಬಳೇ ಇದ್ದಳು. ಆದರೂ ಒಂದು ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾಯಲು ಹೊರಟವಳಿಗೆ ಒಂದು ಒಳ್ಳೆಯ ಮಾತು ಹೇಳಿದರೆ ತಪ್ಪೇನು ಅನ್ನುವ ನೆಪವೂ ಸಿದ್ಧವಾಗಿತ್ತು.

‘ನೀನು ಏನೂ ಕೊಟ್ಟಿಲ್ಲ ಕಣಮ್ಮ’ ಅಂದೆ. ‘ನಿನ್ನಿಂದ ಅವಳಿಗೆ ಬರೋದಲ್ಲ ಇದು. ನಿಮ್ಮಪ್ಪನಿಂದ ನಿಮ್ಮಣ್ಣನಿಗೆ ಬಂದಿದ್ರೆ, ಅಲ್ಲಿಂದ ಅವಳಿಗೆ ಬಂದಿರಬಹುದು, ಬರದೇನೂ ಇರಬಹುದು. ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.’

ಆ ಮಾತು ಹೊರಗೆ ಬಂದ ಮೇಲೆ ಮಿಕ್ಕಿದ್ದೂ ಬಂತು. ನಾನು ನಿನ್ನ ಹತ್ತಿರ ರವಿಕೆ ಹೊಲಿಸಲು ಬಂದಿದ್ದಲ್ಲ, ಇದನ್ನೇ ಹೇಳಲು ಬಂದಿದ್ದು. ಆಗ ನನಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದ್ದರೆ ಎಂದು ಶುರುಮಾಡಿ ಮುಗಿಸಲಾಗದೆ ಅಳಲು ಶುರುಮಾಡಿದೆ.

ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಬಹಳ ಹೊತ್ತು ತನ್ನ ಬೆರಳುಗಳನ್ನೇ ನೋಡಿಕೊಂಡಿದ್ದಳು, ಔಷಧಿಯಿಂದ ಉಗುರುಗಳೆಲ್ಲ ಕಪ್ಪಾಗಿದ್ದವು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಈಗ ಅಂದ್ರಲ್ಲ ಗೊತ್ತಿಲ್ಲ ಅಂತ’ ಎಂದಳು ಕೊನೆಗೆ. ‘ಆವತ್ತೇ ಅಷ್ಟು ಅಂದಿದ್ರೆ ಸಾಕಾಗಿತ್ತಲ್ಲ ಮೇಡಂ. ನಾನೇ ಎಲ್ಲಾದ್ರೂ ಹೋಗಿ ಕೇಳ್ಕೊಂತಿದ್ದೆ.’

ಆಮೇಲೆ, ಅಣ್ಣನ ಹತ್ತಿರ ಇನ್ನೊಂದು ಸಲ ಹೋಗಿ, ಈ ಸಲ ಇದೇ ತರ ಹೇಳಿ ಅಂದಳು.

ಹೋದೆ. ಹುಡುಗಿಯನ್ನೂ ಕೂರಿಸಿಕೊಳ್ಳಿ ಎಂದು ಕೇಳಿಕೊಂಡೆ. ಹೊಸದಾಗಿ ಯಾರೂ ಏನೂ ಕಂಡುಹಿಡಿದಿಲ್ಲ, ಆವತ್ತು ನನಗೆ ಗೊತ್ತಿಲ್ಲದೆ ಹೇಳಿದೆ, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ, ನಿಮ್ಮ ತಂಗಿಯ ಗಂಟು ಎಂಟು ತಿಂಗಳು ಬೆಳೆದದ್ದು ನನ್ನ ಮಾತನ್ನು ನಂಬಿಕೊಂಡು ಎಂದು ಹೇಳಿದೆ. ಇದು ಯಾರೂ ಬೇಕೆಂದು ಕೊಡುವುದಲ್ಲ, ನಿಮಗೆ ಬಂದಿದ್ದರೂ ಅದು ನಿಮ್ಮ ತಪ್ಪಲ್ಲ, ಬಂದಿದೆಯೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ, ಆದರೆ ಮಗಳನ್ನು ತೋರಿಸದೆ ಬಿಟ್ಟರೆ ಮಾತ್ರ ತಪ್ಪು ಎಂದೆ. ಅಣ್ಣ ಎದ್ದು ಒಳಗೆ ಹೋದರು. ಆವತ್ತು ಕಾಫಿ ಬರಲಿಲ್ಲ. ಗೇಟಿನವರೆಗೆ ನನ್ನ ಹಿಂದೆ ಬಂದ ಹುಡುಗಿ, ‘ಯಾವ ದಿನ ಬರ್ಬೇಕು?’ ಎಂದು ಮೆಲ್ಲಗೆ ಕೇಳಿದಳು. ಬುಧವಾರ ಅಂದೆ.

ಆ ಬುಧವಾರ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ಕಡೆ ಹೇಳಿದ್ದೀರಿ ಎಂದು ಕೇಳಿದರು. ನೆನಪಿರುವಷ್ಟನ್ನು ಬರೆದುಕೊಟ್ಟೆ. ಅಷ್ಟೂ ಕಡೆಗೆ ಮತ್ತೆ ಹೋಗಿ ಬನ್ನಿ ಅಂದರು. ಹೋದೆ. ಕೆಲವು ಕಡೆ ಸಂಘಗಳೇ ಮುಚ್ಚಿಹೋಗಿದ್ದವು, ಕೆಲವು ಕಡೆ ಹಳೆಯ ಮುಖ ಒಂದೂ ಇರಲಿಲ್ಲ. ಒಂದು ಕಡೆ ಹೊಸಬಳೊಬ್ಬಳು ನನಗೇ ಆ ನಗೆಮಾತನ್ನು ಹೇಳಿ ನಕ್ಕಳು, ಅವಳಿಗೆ ಅದು ಯಾರ ಮಾತೆಂದು ಗೊತ್ತಿರಲಿಲ್ಲ. ಅದು ನನ್ನ ಮಾತು, ಅದು ಸುಳ್ಳು ಎಂದು ನಿಂತು ಹೇಳಿ ಬಂದೆ. ಎಷ್ಟು ಜನಕ್ಕೆ ತಲುಪಿತೋ ಕಾಣೆ.

ಈ ನಡುವೆ ಲಷ್ಕರ್ ಮೊಹಲ್ಲಾದ ಮನೆಯಲ್ಲಿ ಅವಳು ತೀರಿಕೊಂಡಳು. ನಾನು ಹೋಗಿ ಬಾಗಿಲ ಹೊರಗೇ ನಿಂತಿದ್ದು ಬಂದೆ. ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಎರಡು ರವಿಕೆಗಳಿದ್ದವು.

ಶಿವಗಣಾರಾಧನೆ ಮುಗಿದು ತಿಂಗಳಾಗಿರಬೇಕು. ಒಂದು ಬುಧವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ ಹೊರಗಿನ ಬೆಂಚಿನ ಮೇಲೆ ಅಣ್ಣ ಮತ್ತು ಹುಡುಗಿ ಕೂತಿದ್ದರು. ಅಣ್ಣ ನನ್ನ ಮುಖ ನೋಡಲಿಲ್ಲ. ನಾನು ಕಾಗದ ತೆಗೆದು ಕೇಳುತ್ತ ಹೋದೆ, ಅವರು ನೆಲ ನೋಡಿಕೊಂಡು ಹೇಳುತ್ತ ಹೋದರು. ದೊಡ್ಡತ್ತೆ ಹೋದಾಗ ಮೂವತ್ತೆಂಟು, ಚಿಕ್ಕತ್ತೆಗೆ ಮೂವತ್ತೈದು. ತಂಗಿಯ ವಯಸ್ಸು ಹೇಳಬೇಕಾದಾಗ ಮಗಳ ಕಡೆ ತಿರುಗಿದರು. ಅದನ್ನು ನಾನೇ ಬರೆದುಕೊಂಡೆ, ನನಗೆ ಗೊತ್ತಿತ್ತು.

ಡಾಕ್ಟರು ಹುಡುಗಿಯನ್ನು ನೋಡಿದರು. ಸದ್ಯಕ್ಕೆ ಏನೂ ಕಾಣುವುದಿಲ್ಲ, ಆದರೆ ಪ್ರತಿ ವರ್ಷ ತಪ್ಪದೆ ಬರಬೇಕು ಎಂದರು. ಆಮೇಲೆ ಕಾಗದದ ಮೇಲೆ ಕಣ್ಣಾಡಿಸಿ, ಒಂದು ಜಾಗ ಖಾಲಿ ಬಿಟ್ಟಿದ್ದೀರಲ್ಲ ಎಂದು ನನಗೆ ತೋರಿಸಿದರು. ಇವರನ್ನು ಇಲ್ಲಿಗೆ ಕಳಿಸಿದವರು ಯಾರು ಎಂದು ಬರೆಯುವ ಜಾಗ ಅದು.

‘ಯಾರಮ್ಮ ನಿನ್ನನ್ನ ಕಳಿಸಿದ್ದು?’ ಎಂದು ಹುಡುಗಿಯನ್ನು ಕೇಳಿದರು.

ನಾಚಿಕೆಯಿಲ್ಲದ ಮನಸ್ಸು ನೋಡಿ. ಎರಡು ಸಲ ಅವರ ಮನೆಗೆ ಹೋಗಿ ಬಂದವಳು ನಾನು, ಹುಡುಗಿ ನನ್ನ ಕಡೆ ಕೈ ತೋರಿಸುತ್ತಾಳೆ ಎಂದು ಆ ಒಂದು ಗಳಿಗೆ ಕಾದುಬಿಟ್ಟೆ.

‘ನಮ್ಮ ಸೋದರತ್ತೆ ಸಾರ್’ ಅಂದಳು.

ನಾನು ಪೆನ್ನು ತೆಗೆದುಕೊಂಡು ಆ ಖಾಲಿ ಜಾಗದಲ್ಲಿ ‘ಸೋದರತ್ತೆ’ ಎಂದು ಬರೆದೆ.